ಮೇಡಂ ಬಿನ್: ನಾಯಕಿಯೋ, ಬೊಂಬೆಯೋ? ಒಬ್ಬ ಶಿಕ್ಷಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತಿಂಗಳಿಗೊಂದು ಸಲ ನಮ್ಮಲ್ಲಿ ಒಬ್ಬೊಬ್ಬ ಶಿಕ್ಷಕರು ಪಠ್ಯದ ಹೊರಗಿನ ಒಬ್ಬ ವ್ಯಕ್ತಿಯ ಬಗ್ಗೆ 40 ನಿಮಿಷ ಮಾತಾಡಬೇಕು. ನಾನು ವಿಯೆಟ್ನಾಂನ ಮೇಡಂ ಬಿನ್ ಅವರನ್ನು ಆರಿಸಿಕೊಂಡೆ. ಓದುತ್ತಾ ಹೋದಂತೆ ತಲೆ ಕೆಟ್ಟಿದೆ. ಒಂದು ಕಡೆ ಅವರು ವಿದ್ಯಾರ್ಥಿ ಹೋರಾಟಗಾರ್ತಿಯಾಗಿ ಬೀದಿಯಲ್ಲಿ ಘೋಷಣೆ ಕೂಗಿ, ಜೈಲು ಕಂಡು, ಕೊನೆಗೆ ಪ್ಯಾರಿಸ್‌ನ ಶಾಂತಿ ಮಾತುಕತೆಯಲ್ಲಿ ಅಮೆರಿಕವನ್ನೇ ಮಣಿಸಿದ ವೀರ ಮಹಿಳೆ. ಇನ್ನೊಂದು ಕಡೆ ಹನೋಯ್ ಸರ್ಕಾರ, ಅಂದರೆ ಉತ್ತರ ವಿಯೆಟ್ನಾಂನ ಕಮ್ಯುನಿಸ್ಟ್ ಸರ್ಕಾರ, ಕುಣಿಸಿದ ಚೆಂದದ ಬೊಂಬೆ. ಒಂದು ಲೇಖನದಲ್ಲಿ ಬಂದೂಕು ಹಿಡಿದ ಫೋಟೋ ಬೇರೆ ಇದೆ. ಅವರಿಗೆ ನೊಬೆಲ್ ಬಂದಿತ್ತು ಅಂತ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನನ್ನ ತರಗತಿಯ ಹುಡುಗನೊಬ್ಬ 'ಜೈಲಿಗೆ ಹೋದವರು ರಾಯಭಾರಿ ಹೇಗಾಗ್ತಾರೆ ಮಿಸ್' ಅಂತ ಕೇಳಿದ. ಹೇಗೆ ಹೇಳಿದರೂ ಯಾರದೋ ಪ್ರಚಾರ ಮಾಡಿದ ಹಾಗಾಗುತ್ತದಾ ಅನ್ನೋದು ನನ್ನ ಭಯ. ಸುಮ್ನೆ ಬೇರೆ ಯಾರನ್ನಾದರೂ ಆರಿಸಿಕೊಳ್ಳಲಾ?

ಉತ್ತರ: ಬೇಡ, ಇವರನ್ನೇ ಇಟ್ಟುಕೊಳ್ಳಿ. ನಿಮ್ಮ ಭಯ ನಿಜವಾದದ್ದೇ. ನಾನು ಕಾಲೇಜಿನಲ್ಲಿ ಆಧುನಿಕ ಏಷ್ಯಾದ ಇತಿಹಾಸ ಪಾಠ ಮಾಡಿದಷ್ಟು ವರ್ಷವೂ ವಿಯೆಟ್ನಾಂ ಅಧ್ಯಾಯ ಬಂದಾಗ ತರಗತಿ ಎರಡು ಗುಂಪಾಗುತ್ತಿತ್ತು. ಆದರೆ ಆ ಭಯಕ್ಕೆ ವ್ಯಕ್ತಿ ಬದಲಾಯಿಸುವುದು ಔಷಧಿ ಅಲ್ಲ. ಯುದ್ಧಕಾಲದ ಯಾವ ರಾಜತಾಂತ್ರಿಕರನ್ನು ಆರಿಸಿಕೊಂಡರೂ ಇದೇ ತೊಂದರೆ. ಅಮೆರಿಕದ ಪರವಾಗಿ ಮಾತುಕತೆ ನಡೆಸಿದ ಕಿಸಿಂಜರ್ ಬಗ್ಗೆ ಮಾತಾಡಿದರೆ ಮಾತ್ರ ಪ್ರಚಾರ ಆಗಲ್ಲ ಅಂತೀರಾ?

ಮೊದಲು ಫೋಟೋ ವಿಷಯ ಮುಗಿಸೋಣ, ಅದು ಸುಲಭ. ಬಂದೂಕು ಹಿಡಿದವರು ಬಹುಶಃ ನ್ಗುಯೆನ್ ಥಿ ದಿನ್. ನಿಮ್ಮವರು ನ್ಗುಯೆನ್ ಥಿ ಬಿನ್. ಕನ್ನಡದಲ್ಲಿ ಬರೆದರೆ ಒಂದೇ ಅಕ್ಷರದ ವ್ಯತ್ಯಾಸ, ಇಂಗ್ಲಿಷ್‌ನಲ್ಲೂ ಅಷ್ಟೇ, ಹಾಗಾಗಿ ಈ ಎಡವಟ್ಟು ಎಲ್ಲ ಕಡೆ ನಡೆಯುತ್ತದೆ. ದಿನ್ ಅವರು ಮೆಕಾಂಗ್ ನದೀಮುಖದ ಬೆನ್ ಟ್ರೆ ಪ್ರಾಂತ್ಯದಲ್ಲಿ 1960ರ ಬಂಡಾಯಕ್ಕೆ ಮುಂದಾಳಾಗಿದ್ದವರು, ಆಮೇಲೆ ದಕ್ಷಿಣದ ಗೆರಿಲ್ಲಾ ಸೈನ್ಯದ ಉಪ ದಂಡನಾಯಕಿ. ಬಿನ್ ಅವರು ಸೈನ್ಯ ನಡೆಸಿದವರಲ್ಲ. ಇನ್ನೂ ಕೆಲವರು ಇವರನ್ನು ಮೇಡಂ ನ್ಹು ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಆಕೆ ಸೈಗಾನ್ ಅಧ್ಯಕ್ಷರ, ಅಂದರೆ ಅಮೆರಿಕ ಬೆಂಬಲಿಸಿದ ದಕ್ಷಿಣ ವಿಯೆಟ್ನಾಂ ಸರ್ಕಾರದ ಅಧ್ಯಕ್ಷರ, ತಮ್ಮನ ಹೆಂಡತಿ, ಪೂರ್ತಿ ಎದುರು ಪಾಳಯ. ಹೆಸರಿನ ಬಗ್ಗೆ ಇನ್ನೊಂದು ಮಾತು. ವಿಯೆಟ್ನಾಂನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಕರೆಯುವ ಹೆಸರು ಕೊನೆಗೆ. ನ್ಗುಯೆನ್ ಅನ್ನೋದು ಅಲ್ಲಿ ಎಷ್ಟು ಮಾಮೂಲು ಅಂದರೆ ಮೂವರಲ್ಲಿ ಒಬ್ಬರಾದರೂ ನ್ಗುಯೆನ್ ಇರುತ್ತಾರೆ. ಆದ್ದರಿಂದ ಮಕ್ಕಳ ಮುಂದೆ 'ನ್ಗುಯೆನ್ ಅವರು' ಅನ್ನಬೇಡಿ, 'ಬಿನ್' ಅನ್ನಿ.

ಆ ಬಿನ್ ಕೂಡ ಹುಟ್ಟಿದಾಗ ಇಟ್ಟ ಹೆಸರಲ್ಲ. ಹುಟ್ಟಿದ್ದು 1927ರಲ್ಲಿ, ಮೆಕಾಂಗ್ ಸೀಮೆಯ ಸಾ ದೆಕ್‌ನಲ್ಲಿ. ಅಪ್ಪ ಅಮ್ಮ ಇಟ್ಟ ಹೆಸರು ಚೌ ಸಾ. 1960ರ ದಶಕದ ಶುರುವಿನಲ್ಲಿ ಹೊರದೇಶದ ಕೆಲಸಕ್ಕೆ ಕಳಿಸುವಾಗ ಬಿನ್ ಅಂತ ಹೊಸ ಹೆಸರು ಬಂತು. ಅರ್ಥ ಶಾಂತಿ. ಯುದ್ಧ ಮಾಡುತ್ತಿರುವ ಸಂಘಟನೆಯೊಂದು ತನ್ನ ಪರವಾಗಿ ಮಾತಾಡುವವಳಿಗೆ ಶಾಂತಿ ಅಂತ ಹೆಸರಿಡುವುದು, ಒಂದು ಸಲ ಯೋಚಿಸಿ ನೋಡಿ, ಎಂಥ ಲೆಕ್ಕಾಚಾರ ಇರಬೇಕು ಅಂತ.

ಈಗ 'ವಿದ್ಯಾರ್ಥಿ ಹೋರಾಟಗಾರ್ತಿ' ಅನ್ನುವ ಮಾತು. ಅರ್ಧ ಸರಿ. ತಾಯಿಯ ತಂದೆ ಫಾನ್ ಚೌ ಟ್ರಿನ್. ನಮ್ಮ ಕಡೆ ಗೋಖಲೆಯವರನ್ನು ನೆನಪಿಸುವಂಥ ಸುಧಾರಕರು. ದೇಶ ಆಳುತ್ತಿದ್ದ ಫ್ರೆಂಚರನ್ನು ಬಂದೂಕಿನಿಂದ ಓಡಿಸುವ ಮೊದಲು ಜನರಿಗೆ ಓದು, ಧೈರ್ಯ, ಬದುಕು ಕೊಡಬೇಕು ಅನ್ನುತ್ತಿದ್ದರು. ಅಷ್ಟಕ್ಕೇ ಫ್ರೆಂಚರು 1908ರಲ್ಲಿ ಅವರನ್ನು ಕಾನ್ ದಾವೊ ದ್ವೀಪದ ಜೈಲಿಗೆ ಹಾಕಿದರು. ಈ ದ್ವೀಪದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. 1926ರಲ್ಲಿ ಅವರು ಸೈಗಾನ್‌ನಲ್ಲಿ ತೀರಿಕೊಂಡಾಗ ಶವಯಾತ್ರೆಗೆ ಊರಿಗೆ ಊರೇ ಬಂತು, ದೇಶದ ಉದ್ದಕ್ಕೂ ಶಾಲೆ ಮಕ್ಕಳು ತರಗತಿ ಬಿಟ್ಟು ಹೊರಬಂದರು. ಮರುವರ್ಷ ಹುಟ್ಟಿದ ಮೊಮ್ಮಗಳು ಈಕೆ. ಅಜ್ಜನನ್ನು ನೋಡಿದ್ದಿಲ್ಲ, ಅಜ್ಜನ ಹೆಸರಿನ ಭಾರ ಮಾತ್ರ ಹೊತ್ತವಳು.

ತಂದೆ ಸರ್ವೇ ಇಲಾಖೆಯಲ್ಲಿದ್ದರು, ಕೆಲಸ ಕಾಂಬೋಡಿಯಾದಲ್ಲಿ. ಹಾಗಾಗಿ ಹುಡುಗಿ ಓದಿದ್ದು ನೋಮ್ ಪೆನ್‌ನ ಸಿಸೋವಾತ್ ಶಾಲೆಯಲ್ಲಿ, ಅದೂ ಫ್ರೆಂಚ್ ಮಾಧ್ಯಮದಲ್ಲಿ. ಹದಿನಾರರ ಹೊತ್ತಿಗೆ ತಾಯಿ ಹೋದರು. ಆರು ಮಕ್ಕಳಲ್ಲಿ ಇವರೇ ದೊಡ್ಡವರು, ಕೆಳಗಿನ ಐವರ ಜವಾಬ್ದಾರಿ ಹೆಗಲಿಗೆ ಬಂತು. ಡಾಕ್ಟರ್ ಆಗುವ ಆಸೆ ಇತ್ತು. 1945ರಲ್ಲಿ ಕ್ರಾಂತಿ ಬಂತು, ಮನೆಯವರೆಲ್ಲ ವಿಯೆಟ್ನಾಂಗೆ ವಾಪಸ್ ಬಂದರು, ಡಾಕ್ಟರ್ ಕನಸು ಅಲ್ಲಿಗೇ ನಿಂತಿತು. ಸೈಗಾನ್‌ನಲ್ಲಿ ಪಾಠ ಹೇಳಿ ಮನೆ ನಡೆಸುತ್ತಾ, ಒಳಗೊಳಗೇ ವಿದ್ಯಾರ್ಥಿಗಳನ್ನು, ಹೆಂಗಸರನ್ನು, ಓದಿದವರನ್ನು ಒಟ್ಟು ಸೇರಿಸುವ ಕೆಲಸ ಮಾಡಿದರು. 1948ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಅಂದರೆ 1950ರ ದೊಡ್ಡ ವಿದ್ಯಾರ್ಥಿ ಚಳವಳಿ ಬಂದಾಗ ಇವರು 22-23ರ ವಯಸ್ಸಿನ ಟೀಚರ್, ಪಕ್ಷದ ಸದಸ್ಯೆ. ಭಾವುಕತೆಯಲ್ಲಿ ಬೀದಿಗೆ ಬಂದ ಕಾಲೇಜು ಹುಡುಗಿ ಅಲ್ಲ. ಈ ವ್ಯತ್ಯಾಸ ಚಿಕ್ಕದು ಅನಿಸಬಹುದು, ಆದರೆ ಮುಂದಿನ ಕಥೆಯೆಲ್ಲ ಇದರ ಮೇಲೇ ನಿಂತಿದೆ.

ಆ ವರ್ಷ ಜನವರಿ 9ರಂದು ಸೈಗಾನ್‌ನಲ್ಲಿ ವಿದ್ಯಾರ್ಥಿಗಳ ಮೆರವಣಿಗೆ ಮೇಲೆ ಗುಂಡು ಹಾರಿಸಿದರು. ಟ್ರಾನ್ ವಾನ್ ಅನ್ ಎಂಬ ಶಾಲಾ ಹುಡುಗ ಸತ್ತ. ವಿಯೆಟ್ನಾಂನಲ್ಲಿ ಇವತ್ತಿಗೂ ಜನವರಿ 9 ವಿದ್ಯಾರ್ಥಿ ದಿನ. ಮಾರ್ಚ್ 19ಕ್ಕೆ ಇನ್ನೊಂದು ಮೆರವಣಿಗೆ ಹೊರಟಿತು, ಈ ಸಲ ಬಂದರಿಗೆ ಬಂದಿದ್ದ ಅಮೆರಿಕದ ಯುದ್ಧ ಹಡಗುಗಳ ವಿರುದ್ಧ. ಅದರ ಮುಂದಾಳು ವಕೀಲ ನ್ಗುಯೆನ್ ಹು ಥೋ. ಬಿನ್ ಅದರಲ್ಲಿದ್ದರು, ಆದರೆ 'ಮೆರವಣಿಗೆ ನಡೆಸಿದ್ದೇ ಅವರು' ಅಂತ ಕೆಲವು ಕಡೆ ಬರೆದಿರುವುದು ಉತ್ಪ್ರೇಕ್ಷೆ. ಹತ್ತು ವರ್ಷದ ನಂತರ ದಕ್ಷಿಣದ ವಿಮೋಚನಾ ರಂಗ ಕಟ್ಟಿದಾಗ ಅಧ್ಯಕ್ಷ ಸ್ಥಾನದಲ್ಲಿ ಕೂತದ್ದು ಇದೇ ವಕೀಲರು. ಬೀದಿಯಲ್ಲಿ ಆದ ಪರಿಚಯಗಳು ಹೀಗೆ ಮುಂದೆ ದೊಡ್ಡ ಸ್ಥಾನಗಳಲ್ಲಿ ಮತ್ತೆ ಎದುರಾಗುತ್ತವೆ.

1951ರ ಏಪ್ರಿಲ್‌ನಲ್ಲಿ ಫ್ರೆಂಚರು ಬಿನ್ ಅವರನ್ನು ಹಿಡಿದರು. ಮೊದಲು ಕತಿನಾ ಬೀದಿಯ ಪೊಲೀಸ್ ಠಾಣೆ. ಅಲ್ಲಿ ಚಿತ್ರಹಿಂಸೆ. ಆಮೇಲೆ ಎಂಟು ಮೂಲೆಯ ಚಿ ಹೋವಾ ಜೈಲು. ಎರಡು ವರ್ಷಕ್ಕೂ ಜಾಸ್ತಿ. ನಾನು ಒಮ್ಮೆ ಆ ಬೀದಿಯಲ್ಲಿ ನಡೆದಿದ್ದೇನೆ. ಈಗ ಅದರ ಹೆಸರು ದೋಂಗ್ ಖೋಯ್, ಹೋಟೆಲು, ರೇಷ್ಮೆ ಅಂಗಡಿ, ಕಾಫಿ, ಪ್ರವಾಸಿಗಳು. ದೋಂಗ್ ಖೋಯ್ ಅಂದರೆ ಎಲ್ಲರೂ ಒಟ್ಟಿಗೆ ಏಳುವುದು. 1960ರ ಆ ಬಂಡಾಯದ ಹೆಸರು ಅದು, ಅದೇ ನಿಮ್ಮ ಬಂದೂಕಿನ ಫೋಟೋದವರ ಬಂಡಾಯ.

ನಿಮ್ಮ ಹುಡುಗನ ಪ್ರಶ್ನೆಗೆ ಇಲ್ಲೇ ಉತ್ತರ ಕೊಡಬಹುದು. ಪ್ಯಾರಿಸ್ ಮಾತುಕತೆಯಲ್ಲಿ ಉತ್ತರ ವಿಯೆಟ್ನಾಂ ಪರವಾಗಿ ಕೂತ ಶುವಾನ್ ಥುಯ್ ಫ್ರೆಂಚರ ಸೊನ್ ಲಾ ಜೈಲಿನಲ್ಲಿದ್ದವರು. ಕಿಸಿಂಜರ್ ಜೊತೆ ಗುಟ್ಟಾಗಿ ಮಾತಾಡಿದ ಲೆ ದುಕ್ ಥೋ ಹತ್ತು ವರ್ಷದ ಆಸುಪಾಸು ಜೈಲಲ್ಲೇ ಕಳೆದವರು. ಆ ಪಾಳಯದಲ್ಲಿ ಜೈಲು ಅಡ್ಡಿ ಅಲ್ಲ, ಅದೇ ಸರ್ಟಿಫಿಕೇಟು. ಹುಡುಗನಿಗೆ ನಮ್ಮ ನೆಹರೂ ಎಷ್ಟು ವರ್ಷ ಜೈಲಿನಲ್ಲಿದ್ದರು ಅಂತ ಹುಡುಕಿಕೊಂಡು ಬರಲು ಹೇಳಿ, ತಾನೇ ಅರ್ಥ ಮಾಡಿಕೊಳ್ಳುತ್ತಾನೆ. ಆದರೆ ಜೈಲೊಂದೇ ಸಾಲುವುದಿಲ್ಲ ಅನ್ನುವುದನ್ನೂ ಹೇಳಿ. ಬಿನ್ ಅವರಿಗೆ ಸೊಗಸಾದ ಫ್ರೆಂಚ್ ಬರುತ್ತಿತ್ತು. ಅಜ್ಜನ ಹೆಸರು ಎಲ್ಲ ಪಂಗಡದವರಿಗೂ ಪೂಜ್ಯ. ದಕ್ಷಿಣದಲ್ಲಿ ಹುಟ್ಟಿದವರು. ಹೆಂಗಸು. ಇಷ್ಟೂ ಸೇರಿ ಅವರನ್ನು ಅಲ್ಲಿ ಕೂರಿಸಿತು. ಅಪ್ಪ ಕೊಡಿಸಿದ ಫ್ರೆಂಚ್ ವಿದ್ಯೆ ಫ್ರಾನ್ಸ್‌ನಲ್ಲೇ ಕೆಲಸಕ್ಕೆ ಬಂತು.

ಈಗ ನಿಮಗೆ ನಿದ್ದೆಗೆಡಿಸಿರುವ ಬೊಂಬೆ ವಿಷಯ. ಇದನ್ನು ಹೌದು ಅಥವಾ ಅಲ್ಲ ಅಂತ ಮುಗಿಸಲು ಹೋಗಬೇಡಿ, ಸಿಕ್ಕಿಹಾಕಿಕೊಳ್ಳುತ್ತೀರಿ.

1954ರಲ್ಲಿ ಫ್ರೆಂಚರ ಜೊತೆಗಿನ ಯುದ್ಧ ಮುಗಿಸುವ ಜಿನೀವಾ ಒಪ್ಪಂದ ಆಗಿ ದೇಶ 17ನೇ ಅಕ್ಷಾಂಶದಲ್ಲಿ ಎರಡಾಯಿತು. 1956ರಲ್ಲಿ ಚುನಾವಣೆ ನಡೆದು ಒಂದಾಗಬೇಕಿತ್ತು, ನಡೆಯಲಿಲ್ಲ. ಬಿನ್ ಉತ್ತರಕ್ಕೆ ಹೋದರು, ಹನೋಯ್‌ನಲ್ಲಿ ಮದುವೆಯಾದರು, ಗಂಡ ಸೈನ್ಯದಲ್ಲಿ, ಇಬ್ಬರು ಮಕ್ಕಳು. ಕೆಲಸ ಮಹಿಳಾ ಸಂಘಟನೆಯಲ್ಲಿ. 1960ರ ಡಿಸೆಂಬರ್ 20ಕ್ಕೆ ದಕ್ಷಿಣದಲ್ಲಿ ರಾಷ್ಟ್ರೀಯ ವಿಮೋಚನಾ ರಂಗ ಹುಟ್ಟಿತು. ವಿರೋಧಿಗಳು, ಪತ್ರಿಕೆಗಳು 'ವಿಯೆಟ್ ಕಾಂಗ್' ಅಂತ ಕರೆದದ್ದು ಇವರನ್ನೇ. ರಂಗ ತನ್ನನ್ನು ಹೇಳಿಕೊಂಡದ್ದು ಹೀಗೆ: ನಾವು ದಕ್ಷಿಣದ ಜನ, ಬೌದ್ಧರು, ವಕೀಲರು, ರೈತರು, ಎಲ್ಲ ಥರದವರೂ ಇದ್ದೇವೆ, ಹನೋಯ್‌ಗೂ ನಮಗೂ ಗೆಳೆತನ ಇದೆ, ಆದರೆ ನಾವು ಬೇರೆ. ವಾಸ್ತವ ಏನೆಂದರೆ ಇಂಥ ರಂಗ ಕಟ್ಟುವ ತೀರ್ಮಾನ ಹನೋಯ್‌ನ ಪಕ್ಷದ್ದು. ರಂಗದಲ್ಲಿ ಪಕ್ಷದವರಲ್ಲದವರು ನಿಜವಾಗಿಯೂ ಇದ್ದರು, ಆದರೆ ಚುಕ್ಕಾಣಿ ಪಕ್ಷದ ಕೈಯಲ್ಲಿತ್ತು. ದಕ್ಷಿಣವನ್ನು ಪ್ರತಿನಿಧಿಸಿದ ಬಿನ್ ಅವರೇ ಹಲವು ವರ್ಷ ಹನೋಯ್ ನಿವಾಸಿ, 1948ರಿಂದ ಪಕ್ಷದ ಸದಸ್ಯೆ. ಇದನ್ನು ಮಕ್ಕಳಿಂದ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅದೇ ಪ್ರಚಾರ.

ಆದರೆ ಇಲ್ಲಿಂದ ನೇರವಾಗಿ 'ಬೊಂಬೆ' ಅನ್ನುವಲ್ಲಿಗೆ ಜಿಗಿಯುವುದೂ ತಪ್ಪು. ಬೊಂಬೆಗೆ ತನ್ನದು ಅಂತ ಏನೂ ಇರಲ್ಲ. ಈಕೆ 24ರ ವಯಸ್ಸಿಗೆ ಅದೇ ನಂಬಿಕೆಗೆ ಹಿಂಸೆ ತಿಂದವರು. ಪಕ್ಷದ ಗೆರೆ ಅವರ ಮೇಲೆ ಹೇರಿದ್ದು ಮಾತ್ರ ಅಲ್ಲ, ಅವರೂ ಸೇರಿ ಎಳೆದದ್ದು. ನಾನು ತರಗತಿಯಲ್ಲಿ ಈ ಪ್ರಶ್ನೆಯನ್ನೇ ಬದಲಾಯಿಸಿ ಕೇಳುತ್ತಿದ್ದೆ. ಇಂಥ ದಿನ, ಇಂಥ ಜಾಗದಲ್ಲಿ, ಅವರ ಕೈಯಲ್ಲಿ ಏನಿತ್ತು, ಏನಿರಲಿಲ್ಲ? ಹೀಗೆ ಕೇಳಿದರೆ ಪ್ರತಿ ಸಲ ಬೇರೆ ಉತ್ತರ ಬರುತ್ತದೆ, ಮತ್ತೆ ಆ ಉತ್ತರಗಳು ನಾಯಕಿ-ಬೊಂಬೆ ಜಗಳಕ್ಕಿಂತ ಎಷ್ಟೋ ಸ್ವಾರಸ್ಯವಾಗಿರುತ್ತವೆ.

ಅವರ ಕೈಯಲ್ಲಿ ಜಾಸ್ತಿ ಇದ್ದ ಕೆಲಸದಿಂದ ಶುರು ಮಾಡಿ. ಪ್ಯಾರಿಸ್‌ಗೂ ಮುಂಚಿನದು. 1965ರ ಜುಲೈನಲ್ಲಿ ಜಕಾರ್ತದಲ್ಲಿ ಅಮೆರಿಕದ ಶಾಂತಿವಾದಿ ಹೆಂಗಸರ ಗುಂಪನ್ನು ಭೇಟಿಯಾದರು. 1967ರಲ್ಲಿ ಬ್ರಾಟಿಸ್ಲಾವಾದಲ್ಲಿ ಅಮೆರಿಕದ ಯುವ ಹೋರಾಟಗಾರರನ್ನು. ಯುದ್ಧ ಮಾಡುತ್ತಿರುವ ದೇಶದ ಪ್ರಜೆಗಳ ಜೊತೆಗೇ ಕೂತು, ಸರ್ಕಾರ ಬೇರೆ ನೀವು ಬೇರೆ ಅಂತ ಹೇಳುವುದು. ವಿಯೆಟ್ನಾಂನವರು ಇದಕ್ಕೆ ಜನರ ರಾಜತಾಂತ್ರಿಕತೆ ಅಂತ ಹೆಸರೇ ಇಟ್ಟಿದ್ದರು. ಸೈಗಾನ್‌ನಲ್ಲಿ ವಿದ್ಯಾರ್ಥಿಗಳನ್ನು, ಓದಿದವರನ್ನು ಒಟ್ಟು ಸೇರಿಸಿದ್ದ ಕೈ ಈಗ ಅದೇ ಕೆಲಸವನ್ನು ದೇಶದೇಶಗಳ ನಡುವೆ ಮಾಡುತ್ತಿತ್ತು. ಬೀದಿಯಲ್ಲಿ ಕಲಿತದ್ದು ವ್ಯರ್ಥವಾಗಲಿಲ್ಲ. 1970ರಲ್ಲಿ ಭಾರತಕ್ಕೂ ಬಂದರು, ಇಂದಿರಾ ಗಾಂಧಿಯವರನ್ನು ಕಂಡರು. ಆ ಕಾಲದಲ್ಲಿ ಕಲ್ಕತ್ತಾದ ಬೀದಿಗಳಲ್ಲಿ 'ನಿನ್ನ ಹೆಸರು, ನನ್ನ ಹೆಸರು, ವಿಯೆಟ್ನಾಂ' ಅನ್ನೋ ಘೋಷಣೆ ಮೊಳಗುತ್ತಿತ್ತು. ಅಮೆರಿಕದ ಕಾನ್ಸುಲೇಟ್ ಇದ್ದ ರಸ್ತೆಗೇ ಅಲ್ಲಿ ಉತ್ತರ ವಿಯೆಟ್ನಾಂನ ನಾಯಕ ಹೋ ಚಿ ಮಿನ್ ಹೆಸರಿಟ್ಟಿದ್ದಾರೆ, ಇವತ್ತಿಗೂ ಕಾನ್ಸುಲೇಟಿನ ವಿಳಾಸ ಅದೇ. ಮಕ್ಕಳು ಇದಕ್ಕೆ ನಗುತ್ತಾರೆ, ಖಂಡಿತ ಹೇಳಿ.

ಇನ್ನು ಪ್ಯಾರಿಸ್. 1968ರ ನವೆಂಬರ್ ಮೊದಲ ವಾರ ಬಿನ್ ಬಂದಿಳಿದರು. ರಂಗದ ಪರವಾಗಿ ಬಂದ ಮೊದಲ ತಂಡ ಅವರದು. ಬಂದ ಕೂಡಲೇ ಮಾತುಕತೆ ಶುರುವಾಯಿತು ಅಂದುಕೊಳ್ಳಬೇಡಿ. ಮೇಜಿನ ಆಕಾರಕ್ಕೇ ಜಗಳ. ನಗು ಬರುತ್ತದೆ ಅಲ್ವಾ? ನಾನೂ ಮೊದಮೊದಲು ಇದನ್ನು ತಮಾಷೆಯ ಕಥೆಯಾಗಿಯೇ ಹೇಳುತ್ತಿದ್ದೆ. ಆಮೇಲೆ ಗೊತ್ತಾಯಿತು, ಇಡೀ ಯುದ್ಧ ಆ ಮೇಜಿನಲ್ಲೇ ಇತ್ತು. ಮೇಜು ಚೌಕವಾದರೆ ನಾಲ್ಕು ಬದಿ, ನಾಲ್ಕು ಪಕ್ಷ: ಅಮೆರಿಕ, ಸೈಗಾನ್, ಹನೋಯ್, ರಂಗ. ಹಾಗೆ ಕೂತರೆ ದಕ್ಷಿಣದಲ್ಲಿ ಸೈಗಾನ್ ಸರ್ಕಾರಕ್ಕೆ ಸಮಾನವಾದ ಇನ್ನೊಂದು ಶಕ್ತಿ ಇದೆ ಅಂತ ಒಪ್ಪಿಕೊಂಡಂತೆ. ಸೈಗಾನ್‌ನವರು ಅದಕ್ಕೆ ಸಾಯುವುದಕ್ಕೂ ತಯಾರು, ಒಪ್ಪಲು ತಯಾರಿಲ್ಲ. ಎರಡು ಬದಿಯ ಮೇಜಾದರೆ ರಂಗ ಅನ್ನೋದು ಹನೋಯ್‌ನ ಬಾಲ ಅಷ್ಟೇ. ಕೊನೆಗೆ 1969ರ ಜನವರಿಯಲ್ಲಿ ಒಂದು ದುಂಡು ಮೇಜು ಹಾಕಿ, ಅದರ ಎರಡು ಪಕ್ಕಕ್ಕೆ 45 ಸೆಂಟಿಮೀಟರ್ ದೂರದಲ್ಲಿ ಕಾರ್ಯದರ್ಶಿಗಳಿಗೆ ಎರಡು ಉದ್ದನೆಯ ಮೇಜು ಇಟ್ಟರು. ಬಾವುಟ ಇಲ್ಲ, ಹೆಸರಿನ ಫಲಕ ಇಲ್ಲ. ಯಾರು ಎಷ್ಟು ಪಕ್ಷ ಅಂತ ಎಣಿಸಿಕೊಳ್ಳುತ್ತಾರೋ ಅವರಿಗೆ ಅಷ್ಟು. 1968 ಒಂದೇ ವರ್ಷದಲ್ಲಿ ಅಮೆರಿಕದ 16 ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು, ವಿಯೆಟ್ನಾಂ ಜನ ಅದರ ಎಷ್ಟೋ ಪಟ್ಟು. ಈ ಜಗಳ ನಡೆಯುವಾಗಲೂ ಸಾಯುತ್ತಿದ್ದರು.

ಆ ಮೇಜಿನಲ್ಲಿ ಬಿನ್ ಇರುವುದೇ ಒಂದು ವಾದ. ಅವರು ಬಾಯಿ ತೆರೆಯದಿದ್ದರೂ ಸೈ. ತೊಟ್ಟ ಆವ್ ಝಾಯ್ (ವಿಯೆಟ್ನಾಂ ಹೆಂಗಸರ ಉದ್ದನೆಯ ನಿಲುವಂಗಿ), ಬಿಗಿದ ಕೂದಲು, ಮೆಲ್ಲಗಿನ ಫ್ರೆಂಚ್. 'ವಿಯೆಟ್ ಕಾಂಗ್' ಅಂದರೆ ಪೊದೆಯಲ್ಲಿ ಅಡಗಿದ ಕಪ್ಪು ಬಟ್ಟೆಯ ಮನುಷ್ಯ ಅಂತ ಅಂದುಕೊಂಡಿದ್ದ ಯುರೋಪಿನ ಪತ್ರಕರ್ತರಿಗೆ ಇದು ದೊಡ್ಡ ಅಚ್ಚರಿ. ಶುರುವಿನಲ್ಲಿ ತಂಡದ ಮುಖ್ಯಸ್ಥರು ಬೇರೆಯವರಾಗಿದ್ದರು. 1969ರ ಜೂನ್‌ನಲ್ಲಿ ರಂಗ ತನ್ನದೇ ತಾತ್ಕಾಲಿಕ ಕ್ರಾಂತಿಕಾರಿ ಸರ್ಕಾರ ಘೋಷಿಸಿತು, ಬಿನ್ ಅದರ ವಿದೇಶಾಂಗ ಸಚಿವೆ ಆದರು, ಪ್ಯಾರಿಸ್ ತಂಡಕ್ಕೂ ಅವರೇ ಮುಖ್ಯಸ್ಥೆ. ಪ್ರತಿ ಗುರುವಾರ ಸಭೆ. ಎರಡೂ ಕಡೆಯವರು ಬರೆದು ತಂದದ್ದನ್ನು ಓದುತ್ತಿದ್ದರು, ಒಬ್ಬರನ್ನೊಬ್ಬರು ಬೈಯುತ್ತಿದ್ದರು, ಎದ್ದು ಹೋಗುತ್ತಿದ್ದರು.

ನಿಜವಾದ ಮಾತುಕತೆ ಬೇರೆ ಕಡೆ ನಡೆಯುತ್ತಿತ್ತು. 1970ರ ಫೆಬ್ರುವರಿಯಿಂದ ಕಿಸಿಂಜರ್ ಮತ್ತು ಲೆ ದುಕ್ ಥೋ ಪ್ಯಾರಿಸ್‌ನ ಹೊರವಲಯದ ಮನೆಗಳಲ್ಲಿ ಗುಟ್ಟಾಗಿ ಕೂರುತ್ತಿದ್ದರು. ನಮ್ಮ ಹಳ್ಳಿಮನೆಯ ಲೆಕ್ಕದಲ್ಲಿ ಹೇಳುವುದಾದರೆ ಜಗಲಿಯ ಮೇಲೆ ಬಿನ್, ನಡುಮನೆಯಲ್ಲಿ ಥೋ. ನಡುಮನೆಗೆ ಬಿನ್ ಅವರಿಗಾಗಲಿ ಸೈಗಾನ್‌ನವರಿಗಾಗಲಿ ಪ್ರವೇಶ ಇರಲಿಲ್ಲ. ಹಾಗಾಗಿ 'ಕಿಸಿಂಜರ್ ಎದುರು ಕೂತು ವಾದ ಮಾಡಿದ ಹೆಣ್ಣು' ಅಂತ ಎಲ್ಲಾದರೂ ಓದಿದ್ದರೆ ಅಳಿಸಿಬಿಡಿ. ನೊಬೆಲ್ ಕೂಡ ನಡುಮನೆಯ ಇಬ್ಬರಿಗೇ ಘೋಷಣೆ ಆಯಿತು, 1973ರಲ್ಲಿ, ಥೋ ಬೇಡ ಅಂದರು. ಬಿನ್ ಅವರಿಗೆ ನೊಬೆಲ್ ಬಂದಿಲ್ಲ. ನಿಮ್ಮ ಸಹೋದ್ಯೋಗಿಗೆ ಹೇಳಿ.

ಹಾಗಂತ ಜಗಲಿ ದಂಡ ಅಂತಲ್ಲ. 1971ರ ಜುಲೈ 1ರಂದು ಬಿನ್ ಏಳು ಅಂಶಗಳ ಪ್ರಸ್ತಾವ ಇಟ್ಟರು. ಅದರ ತಿರುಳು ಸರಳ: ಈ ವರ್ಷದೊಳಗೆ ಸೈನ್ಯ ಹಿಂತೆಗೆಯುವ ದಿನ ಗೊತ್ತು ಮಾಡಿ, ಅದೇ ದಿನಕ್ಕೆ ನಮ್ಮ ಸೆರೆಯಲ್ಲಿರುವ ನಿಮ್ಮ ಯುದ್ಧಕೈದಿಗಳೂ ಮನೆ ಸೇರುತ್ತಾರೆ. ಅಮೆರಿಕದಲ್ಲಿ ಕೈದಿಗಳ ಹೆಂಡತಿಯರು, ಸೆನೆಟರುಗಳು, ಪತ್ರಿಕೆಗಳು ಎಲ್ಲ ಅಧ್ಯಕ್ಷ ನಿಕ್ಸನ್ ಅವರನ್ನು ಕೇಳಿದರು, ಯಾಕೆ ಉತ್ತರ ಕೊಡುತ್ತಿಲ್ಲ ಅಂತ. ಅದಕ್ಕೆ ಕೆಲವೇ ದಿನ ಮೊದಲು ಥೋ ಗುಟ್ಟಿನ ಕೋಣೆಯಲ್ಲಿ ಒಂಬತ್ತು ಅಂಶಗಳನ್ನು ಕೊಟ್ಟಿದ್ದರು. ನಿಕ್ಸನ್ ಗುಟ್ಟನ್ನು ಬಾಯಿ ಬಿಡುವಂತಿಲ್ಲ, ಹೊರಗಿನ ಪ್ರಸ್ತಾವಕ್ಕೆ ಸುಮ್ನಿರುವಂತೆಯೂ ಇಲ್ಲ. ಜಗಲಿಯ ಕೆಲಸ ಇದೇ ಆಗಿತ್ತು, ಬಿನ್ ಅದನ್ನು ಬಹಳ ಚೆನ್ನಾಗಿ ಮಾಡಿದರು. ನಾಲ್ಕು ವರ್ಷಕ್ಕೂ ಜಾಸ್ತಿ, ಗಂಡ ಮಕ್ಕಳು ಬಾಂಬು ಬೀಳುತ್ತಿದ್ದ ಉತ್ತರದಲ್ಲಿ, ತಾವು ಪ್ಯಾರಿಸ್ ಬಳಿಯ ವೆರಿಯೆರ್ ಊರಿನ ಮನೆಯಲ್ಲಿ.

ಈಗ ನಾನು ನಿಮ್ಮ ಭಾಷಣದ ಮಧ್ಯಕ್ಕೆ ಇಡಬೇಕು ಅನ್ನುವ ಭಾಗ. 1970ರಲ್ಲಿ ಅಮೆರಿಕ ಸಂಸತ್ತಿನ ತಂಡವೊಂದು ಕಾನ್ ದಾವೊ ದ್ವೀಪಕ್ಕೆ ಹೋಯಿತು. ಹೌದು, ಅಜ್ಜನನ್ನು ಇಟ್ಟಿದ್ದ ಅದೇ ದ್ವೀಪ. ಈಗ ಅದು ಸೈಗಾನ್ ಸರ್ಕಾರದ ಜೈಲು. ಅಲ್ಲಿ ಮೇಲಿನಿಂದ ಸರಳು ಹಾಕಿದ ಗುಂಡಿಯಂಥ ಕೋಣೆಗಳು, ಹೆಸರು ಹುಲಿ ಬೋನು. ತಂಡದ ಜೊತೆ ಹೋಗಿದ್ದ ಟಾಮ್ ಹಾರ್ಕಿನ್ ತೆಗೆದ ಫೋಟೋಗಳು ಹೊರಬಂದಾಗ ಜಗತ್ತೇ ಹೌಹಾರಿತು. ಬಿನ್ ಅವರ ಪಾಳಯಕ್ಕೆ ಈ ಕೈದಿಗಳ ಬಿಡುಗಡೆ ಅಂದರೆ ಬರೀ ಒಂದು ಕಲಮು ಅಲ್ಲ, ತಮ್ಮ ಜೊತೆಗಾರರ ಜೀವ.

ಆದರೆ 1972ರ ಅಕ್ಟೋಬರ್‌ನಲ್ಲಿ ನಡುಮನೆಯಲ್ಲಿ ಕುದುರಿದ ಕರಡಿನಲ್ಲಿ ಏನಿತ್ತು? ಅಮೆರಿಕದ ಕೈದಿಗಳು 60 ದಿನದಲ್ಲಿ, ಸೈನ್ಯ ಹಿಂತೆಗೆತದ ಜೊತೆಜೊತೆಗೇ ಬಿಡುಗಡೆ. ಸೈಗಾನ್ ಜೈಲುಗಳಲ್ಲಿದ್ದ ರಾಜಕೀಯ ಕೈದಿಗಳ ವಿಷಯ? ಅದನ್ನು ದಕ್ಷಿಣದ ಎರಡು ಪಕ್ಷಗಳು ಆಮೇಲೆ ಕೂತು ಬಗೆಹರಿಸಿಕೊಳ್ಳಲಿ. ದಕ್ಷಿಣದವರಿಗೆ ಇದು ನುಂಗಲಾರದ ತುತ್ತಾಗಿತ್ತು. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಹನೋಯ್ ಮೇಲೆ ಭಯಂಕರ ಬಾಂಬ್ ದಾಳಿ ಆಯಿತು, ಮತ್ತೆ ಮೇಜಿಗೆ ಬಂದರು, ಆ ಕಲಮು ಮಾತ್ರ ಹಾಗೇ ಉಳಿಯಿತು, 90 ದಿನದಲ್ಲಿ ಬಗೆಹರಿಸಲು ಪ್ರಯತ್ನಿಸಬೇಕು ಅನ್ನೋ ಮಾತಿನೊಂದಿಗೆ. 1973ರ ಜನವರಿ 27ರಂದು ಚಿ ಹೋವಾ ಜೈಲಿನ ಹಳೆಯ ಕೈದಿ ಆ ಕಾಗದಕ್ಕೆ ಸಹಿ ಹಾಕಿದರು. ಸಹಿ ಹಾಕಿದ ನಾಲ್ಕು ಸಚಿವರಲ್ಲಿ ಅವರೊಬ್ಬರೇ ಹೆಂಗಸು. ಆ ದಿನವೂ ಸೈಗಾನ್‌ನವರು ಇವರ ಸರ್ಕಾರದ ಹೆಸರಿರುವ ಪಠ್ಯಕ್ಕೆ ಸಹಿ ಹಾಕಲ್ಲ ಅಂದದ್ದರಿಂದ ನಾಲ್ವರ ಪ್ರತಿಯ ಪಠ್ಯದಲ್ಲಿ ಹೆಸರೇ ಇರಲಿಲ್ಲ, ಅಮೆರಿಕ-ಸೈಗಾನ್ ಒಂದು ಹಾಳೆಯಲ್ಲಿ, ಹನೋಯ್-ಬಿನ್ ಇನ್ನೊಂದು ಹಾಳೆಯಲ್ಲಿ ಸಹಿ. ಮಧ್ಯಾಹ್ನ ಅಮೆರಿಕ ಮತ್ತು ಹನೋಯ್ ಮಾತ್ರ ಬೇರೆ ಪ್ರತಿಗೆ ಸಹಿ ಹಾಕಿದವು. ಆ ವಸಂತದಲ್ಲಿ 591 ಅಮೆರಿಕನ್ನರು ಮನೆ ಸೇರಿದರು. ದಕ್ಷಿಣದ ಜೈಲುಗಳಲ್ಲಿ ಎಷ್ಟು ಜನ ಇದ್ದಾರೆ ಅನ್ನುವುದಕ್ಕೇ ಎರಡು ಕಡೆಯವರ ಜಗಳ ಮುಂದುವರಿಯಿತು.

ಈ ಒಂದು ಸಹಿಯಲ್ಲಿ ಅವರ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎರಡೂ ಕಾಣುತ್ತದೆ. ಅದಕ್ಕೇ ಇದನ್ನು ಭಾಷಣದ ಮಧ್ಯಕ್ಕೆ ಇಡಿ ಅಂದದ್ದು. (ನಮಗೆ ಸಂಬಂಧಿಸಿದ ಸಣ್ಣ ವಿಷಯ: 1954ರ ಒಪ್ಪಂದದ ಉಸ್ತುವಾರಿ ಆಯೋಗಕ್ಕೆ ಭಾರತವೇ ಅಧ್ಯಕ್ಷ. 1973ರ ಆಯೋಗದಲ್ಲಿ ಭಾರತ ಇರಲೇ ಇಲ್ಲ.)

ಆಮೇಲಿನದ್ದನ್ನು ಬಿಟ್ಟುಬಿಡುವ ಆಸೆ ಬರುತ್ತದೆ. ಬಿಡಬೇಡಿ. 1975ರ ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು. ಬಿನ್ ಅವರ ತಾತ್ಕಾಲಿಕ ಸರ್ಕಾರ ಹೆಸರಿಗೆ ದಕ್ಷಿಣವನ್ನು ಆಳಿತು, 1976ರ ಜುಲೈನಲ್ಲಿ ದೇಶ ಒಂದಾದಾಗ ಕರಗಿಹೋಯಿತು. ಯಾವ ಸರ್ಕಾರಕ್ಕಾಗಿ ಮೇಜಿನ ಆಕಾರಕ್ಕೂ ಜಗಳ ಆಡಿದರೋ ಅದು ಗೆದ್ದು ಒಂದೂಕಾಲು ವರ್ಷದಲ್ಲಿ ಇಲ್ಲವಾಯಿತು. ಏಳು ಅಂಶಗಳಲ್ಲಿ ಮಾತು ಕೊಟ್ಟಿದ್ದ ಎಲ್ಲರನ್ನೂ ಒಳಗೊಂಡ, ಸೇಡು ತೀರಿಸದ ದಕ್ಷಿಣ ಬರಲಿಲ್ಲ. ಸೈಗಾನ್ ಪರ ಇದ್ದವರನ್ನು ಭಾರಿ ಸಂಖ್ಯೆಯಲ್ಲಿ ವಿಚಾರಣೆ ಇಲ್ಲದೆ 'ಮರುಶಿಕ್ಷಣ' ಶಿಬಿರಗಳಿಗೆ ಹಾಕಿದರು, ಲಕ್ಷಾಂತರ ಜನ ದೋಣಿ ಹತ್ತಿ ಸಮುದ್ರದ ದಾರಿಯಲ್ಲಿ ದೇಶ ಬಿಟ್ಟರು. ಬಿನ್ ಅವರ ಜೊತೆ ಅದೇ ಸಂಪುಟದಲ್ಲಿ ನ್ಯಾಯ ಸಚಿವರಾಗಿದ್ದ ತ್ರುವೊಂಗ್ ನ್ಹು ತಾಂಗ್ ಕೂಡ ಮನಸ್ಸು ಮುರಿದು 1978ರಲ್ಲಿ ದೋಣಿಯಲ್ಲೇ ದೇಶ ಬಿಟ್ಟರು. ಬಿನ್ ಬಿಡಲಿಲ್ಲ. 1976ರಿಂದ 1987ರವರೆಗೆ ಶಿಕ್ಷಣ ಸಚಿವೆ. ಉತ್ತರದಲ್ಲಿ ಹತ್ತು ವರ್ಷದ ಶಾಲೆ, ದಕ್ಷಿಣದಲ್ಲಿ ಹನ್ನೆರಡು, ಎರಡನ್ನೂ ಒಂದು ಮಾಡಬೇಕು, ಅದೂ ಬೊಕ್ಕಸ ಖಾಲಿ ಇರುವಾಗ. ಅಜ್ಜನ ಮೊದಲ ಪಾಠ ಜನರಿಗೆ ಓದು ಕೊಡುವುದಾಗಿತ್ತು ಅಲ್ವಾ? 1992ರಿಂದ 2002ರವರೆಗೆ ದೇಶದ ಉಪಾಧ್ಯಕ್ಷೆ. ಅದಾದ ಮೇಲೆ ಯುದ್ಧದಲ್ಲಿ ಅಮೆರಿಕ ಸಿಂಪಡಿಸಿದ ಏಜೆಂಟ್ ಆರೆಂಜ್ ಎಂಬ ಕಳೆನಾಶಕದ ವಿಷದಿಂದ ನರಳಿದವರ ಪರವಾಗಿ ಕೆಲಸ. 2010ರಲ್ಲಿ ಬಾಕ್ಸೈಟ್ ಗಣಿಗಾರಿಕೆ ನಿಲ್ಲಿಸಿ ಅಂತ ಬುದ್ಧಿಜೀವಿಗಳು ತಮ್ಮದೇ ಸರ್ಕಾರಕ್ಕೆ ಕೊಟ್ಟ ಮನವಿಗೆ 83ರ ಇವರೂ ಸಹಿ ಹಾಕಿದ್ದರು.

ಹಾಗಾದರೆ ಹೇಗೆ ಹೇಳುವುದು? ವೀರಗಾಥೆಯಾಗಿ ಹೇಳಿದರೆ ಮಕ್ಕಳು ಕಣ್ಣು ಮಿಟುಕಿಸದೆ ಕೇಳುತ್ತಾರೆ, ಆದರೆ 1975ರಲ್ಲಿ ನಿಲ್ಲಿಸಬೇಕಾಗುತ್ತದೆ, ದೋಣಿ ಹತ್ತಿದವರನ್ನು ಮರೆಯಬೇಕಾಗುತ್ತದೆ. ಬೊಂಬೆ ಕಥೆಯಾಗಿ ಹೇಳಿದರೆ ನಿಮಗೆ ಜಾಣರು ಅನ್ನೋ ಹೆಸರು ಬರಬಹುದು, ಆದರೆ ಕತಿನಾ ಠಾಣೆಯನ್ನು ವಿವರಿಸಲು ಆಗಲ್ಲ. ಎರಡೂ ಕಡೆ ಸಮ ಸಮ ತೂಗುತ್ತೇನೆ ಅಂತ ಹೊರಟರೆ 40 ನಿಮಿಷ 'ಆದರೆ, ಆದರೆ' ಅನ್ನುವುದರಲ್ಲೇ ಹೋಗುತ್ತದೆ, ಹಿಂದಿನ ಬೆಂಚಿನವರು ನಿದ್ದೆ ಹೊಡೆಯುತ್ತಾರೆ. ನಾನಾಗಿದ್ದರೆ ಎರಡು ಜೈಲು ಮತ್ತು ಒಂದು ಮೇಜು ಇಟ್ಟುಕೊಂಡು ಹೇಳುತ್ತಿದ್ದೆ: ಅಜ್ಜನ ಕಾನ್ ದಾವೊ, ಮೊಮ್ಮಗಳ ಚಿ ಹೋವಾ, ಪ್ಯಾರಿಸ್‌ನ ದುಂಡು ಮೇಜು. ಇದರಲ್ಲೂ ಅಪಾಯ ಇದೆ. ಇಡೀ ಯುದ್ಧ ಒಬ್ಬಳ ಸುತ್ತ ನಡೆಯಿತು ಅನ್ನೋ ಭಾವನೆ ಬರಬಹುದು. ಅದಕ್ಕೆ ನಡುಮನೆಯ ಕಥೆಯನ್ನು ತಪ್ಪದೆ ಸೇರಿಸಿ. ಅವರೇ 2012ರಲ್ಲಿ ಹೊರತಂದ ಆತ್ಮಕಥೆಯ ಭಾಗಗಳು ಸಿಕ್ಕರೆ ಓದಿ. ಜೈಲು, ಮಕ್ಕಳು, ಪ್ಯಾರಿಸ್‌ನ ದಿನಚರಿಗೆ ಅದನ್ನು ನಂಬಬಹುದು, ಪಕ್ಷದೊಳಗಿನ ಭಿನ್ನಮತಕ್ಕೆ ಅದೊಂದನ್ನೇ ನೆಚ್ಚಬೇಡಿ.

ಮಕ್ಕಳಿಗೆ ಒಂದು ಚಟುವಟಿಕೆ ಬೇಕಿದ್ದರೆ: ನಾಲ್ಕು ಗುಂಪು ಮಾಡಿ, ತರಗತಿಯ ಬೆಂಚುಗಳನ್ನು ಹೇಗೆ ಜೋಡಿಸಬೇಕು ಅಂತ ಅವರೇ ಒಪ್ಪಂದಕ್ಕೆ ಬರಲಿ. ಒಂದು ಗುಂಪಿಗೆ ಮಾತ್ರ ಗುಟ್ಟಾಗಿ ಹೇಳಿ, ಇನ್ನೊಂದು ಗುಂಪು ಅಲ್ಲಿ ಇದೆ ಅಂತಲೇ ನೀವು ಒಪ್ಪಬಾರದು ಅಂತ. ನಾನು ಪದವಿ ತರಗತಿಯಲ್ಲಿ ಮಾಡಿಸಿದ್ದೆ, ಗಂಟೆ ಹೊಡೆದರೂ ಬೆಂಚು ಒಂದಿಂಚೂ ಅಲುಗಾಡಿರಲಿಲ್ಲ.